ಕೆಮಿಸ್ಟ್ರಿ ಓದಿ ಆಡಿಟ್ ಮಾಡ್ತೀರಲ್ಲ, ಓದಿದ್ದು ಉಪಯೋಗಕ್ಕೆ ಬಂತಾ?

ಈ ಪ್ರಶ್ನೆಯನ್ನು ಕೊನೆಯ ವರ್ಷದ ಹುಡುಗರು ಕೇಳುತ್ತಾರೆ, ಅವರ ಅಪ್ಪ ಅಮ್ಮ ಕೇಳುತ್ತಾರೆ. ಹಳೆಯ ವಿದ್ಯಾರ್ಥಿಗಳು ಸೇರಿದಾಗಲಂತೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಡಿಗ್ರಿ, ಎಂಎಸ್ಸಿ ಸೇರಿ ಐದು ವರ್ಷ ಕೆಮಿಸ್ಟ್ರಿ ಓದಿದೆ. ಈಗ ಕಂಪನಿಗಳ ಲೆಕ್ಕಪತ್ರ ಪರಿಶೀಲಿಸುತ್ತೇನೆ. ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂಬ ಮರುಕ ಕೇಳುವವರ ದನಿಯಲ್ಲಿ ಇರುತ್ತದೆ.

ಉಪಯೋಗಕ್ಕೆ ಬಂತು. ದಿನವೂ ಬರುತ್ತಿದೆ. ಹೇಗೆ ಅಂತ ಹೇಳಲು ಲ್ಯಾಬಿನ ಒಂದು ಮಧ್ಯಾಹ್ನದ ಕಥೆ ಹೇಳಬೇಕು.

ಮೊದಲ ವರ್ಷ, ಟೈಟ್ರೇಷನ್. ಆಸಿಡ್ ಎಷ್ಟಿದೆ ಅಂತ, ಅದಕ್ಕೆ ಎಷ್ಟು ಕ್ಷಾರ ಬೇಕಾಯಿತು ಎಂಬುದರಿಂದ ಅಳೆಯುವ ಪ್ರಯೋಗ. ಕೆಳಗೆ ಫ್ಲಾಸ್ಕಿನಲ್ಲಿ ಆಸಿಡ್, ಕ್ಷಾರ ಹೆಚ್ಚಾದರೆ ಗುಲಾಬಿ ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಎರಡು ಹನಿ. ಮೇಲಿನ ಬ್ಯುರೆಟ್ಟಿನಿಂದ, ಅಂದರೆ ಅಳತೆ ಗೆರೆಗಳಿರುವ ಗಾಜಿನ ಕೊಳವೆಯಿಂದ, ಕ್ಷಾರ ಹನಿಹನಿಯಾಗಿ ಬೀಳಬೇಕು. ಬಣ್ಣವೇ ಇಲ್ಲದ ದ್ರಾವಣ ಒಂದು ಹನಿಗೆ ತಿಳಿ ಗುಲಾಬಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದೆರಡು ಹನಿ ಬಿದ್ದರೆ ಬಣ್ಣ ಗಾಢವಾಗಿ ಕೆಲಸ ಕೆಟ್ಟಿತು. ಒಂದಕ್ಕೊಂದು ಹೊಂದುವ ರೀಡಿಂಗ್ ಸಿಗುವ ತನಕ ಮತ್ತೆ ಮತ್ತೆ ಮಾಡಬೇಕು. ನಾನು ಒಂದೇ ಸಲ ಮಾಡಿ, 24.6 ಮಿಲಿ ಅಂತ ಮೂರು ಸಾಲು ಬರೆದುಬಿಟ್ಟೆ.

ಮೇಡಂ ಪುಸ್ತಕ ನೋಡಿದರು. ಬೈಯಲಿಲ್ಲ. "ಮೂರೂ ಇಷ್ಟು ಚೆನ್ನಾಗಿ ಬಂತಾ? ನನ್ನೆದುರು ಇನ್ನೊಂದು ಸಲ ಮಾಡು" ಅಂದರು. 24.9 ಬಂತು. ನಾನು ರಬ್ಬರ್ ತೆಗೆದೆ. ಅವರು ಕೈ ಅಡ್ಡ ಹಿಡಿದರು. "ಅಳಿಸಬೇಡ. ಒಂದೇ ಗೆರೆ ಎಳಿ. ಕೆಳಗೆ ಏನಿತ್ತು ಅಂತ ಓದೋಕೆ ಬರಬೇಕು. ಪಕ್ಕದಲ್ಲಿ ಸರಿಯಾದದ್ದು ಬರಿ."

ಇವತ್ತು ನನ್ನ ಕೆಲಸ ಹೆಚ್ಚುಕಡಿಮೆ ಇಷ್ಟೇ. ಸಾಗಾಟದ ಖರ್ಚು ಪ್ರತಿ ತಿಂಗಳೂ ಒಂದೇ ಮೊತ್ತ ಅಂದರೆ ನನ್ನ ಕೈ ಅಲ್ಲೇ ನಿಲ್ಲುತ್ತದೆ. ನಿಜವಾಗಿ ಅಳೆದ ಅಂಕಿ ಸ್ವಲ್ಪವಾದರೂ ಅತ್ತಿತ್ತ ಆಗಿರುತ್ತದೆ. ವೋಚರಿನ ಮೇಲೆ ವೈಟ್ನರ್ ಕಂಡರೆ ಮೊದಲು ಅದನ್ನೇ ಕೇಳುತ್ತೇನೆ. ಗೆರೆ ಎಳೆದು, ಪಕ್ಕದಲ್ಲಿ ಬರೆದು, ಸಹಿ ಹಾಕಿದ ತಪ್ಪಿನ ಬಗ್ಗೆ ನನಗೆ ಭಯವಿಲ್ಲ. ಇದನ್ನು ಆಡಿಟ್ ತರಬೇತಿಯಲ್ಲೂ ಹೇಳಿಕೊಟ್ಟರು. ಆದರೆ ಅಷ್ಟರಲ್ಲಿ ಅದು ನನ್ನ ಕೈಗೆ ಹತ್ತಿಬಿಟ್ಟಿತ್ತು.

ಇನ್ನೊಂದು, ಜೊತೆಗೆ ಓದಿದವರು. ಈ ಕೆಲಸ ಖಾಲಿ ಇದೆ ಅಂತ ನನಗೆ ಹೇಳಿದ್ದು ಲ್ಯಾಬಿನಲ್ಲಿ ಪಕ್ಕದ ಟೇಬಲ್ಲಿನ ಗೆಳತಿ. ಇದನ್ನು ವಶೀಲಿ ಅಂತ ಹಗುರ ಮಾಡುವವರಿಗೆ ನಾನು ಐನ್‌ಸ್ಟೈನ್ ಕಥೆ ಹೇಳುತ್ತೇನೆ. ಜ್ಯೂರಿಕ್‌ನಲ್ಲಿ ಓದುವಾಗ ಅವರು ಎಷ್ಟೋ ಕ್ಲಾಸುಗಳಿಗೆ ಹೋಗುತ್ತಲೇ ಇರಲಿಲ್ಲ. ಪರೀಕ್ಷೆಗೆ ಓದಿಕೊಂಡದ್ದು ಸಹಪಾಠಿ ಮಾರ್ಸೆಲ್ ಗ್ರಾಸ್‌ಮನ್‌ನ ನೋಟ್ಸ್. 1900ರಲ್ಲಿ ಓದು ಮುಗಿಯಿತು, ಕಾಯಂ ಕೆಲಸ ಸಿಗಲಿಲ್ಲ. ಕೊನೆಗೆ ಗ್ರಾಸ್‌ಮನ್ ತಂದೆಯ ಮಾತಿನ ಸಹಾಯದಿಂದ 1902ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿ ಸೇರಿದರು. ಅಲ್ಲಿ ಇದ್ದಾಗಲೇ 1905ರ ಆ ದೊಡ್ಡ ಪ್ರಬಂಧಗಳು ಬಂದವು. ಮುಂದೆ 1912ರಲ್ಲಿ, ಗುರುತ್ವದ ಲೆಕ್ಕ ಬಿಡಿಸಲು ಬೇಕಾದ ಜ್ಯಾಮಿತಿ ಗೊತ್ತಿಲ್ಲದೆ ಒದ್ದಾಡುವಾಗ ಅವರು ಹೋದದ್ದು ಮತ್ತೆ ಅದೇ ಗ್ರಾಸ್‌ಮನ್ ಹತ್ತಿರ. ಒಂದೇ ತರಗತಿಯ ಗೆಳೆತನ ಎಷ್ಟು ದೂರ ಬಂತು ನೋಡಿ.

ಡಾಕ್ಟರ್ ಆದವರಿಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಓದಿದ್ದೇ ಕೆಲಸ, ದಾರಿ ನೇರ. ನಮ್ಮಂಥವರ ದಾರಿಗೆ ತಿರುವು ಜಾಸ್ತಿ. ಅದಕ್ಕೇ ಯಾವ ಪಾಠ ಎಲ್ಲಿ ಕೈ ಹಿಡಿಯುತ್ತದೆ ಅಂತ ಸೇರುವಾಗಲೇ ಹೇಳುವುದು ಕಷ್ಟ. ಅಮೆರಿಕದ ಗಣಿತಜ್ಞ, ಎಂಜಿನಿಯರ್ ಕ್ಲಾಡ್ ಶಾನನ್ ಮಿಷಿಗನ್‌ ವಿಶ್ವವಿದ್ಯಾಲಯದಲ್ಲಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಗಣಿತ. ಗಣಿತಜ್ಞ ಜಾರ್ಜ್ ಬೂಲ್‌ನ ತರ್ಕ ಸಿಕ್ಕಿದ್ದು ಮಾತ್ರ ಫಿಲಾಸಫಿ ಕ್ಲಾಸಿನಲ್ಲಿ. ಹೌದು, ಅಲ್ಲ ಎಂಬ ಎರಡೇ ಬೆಲೆಗಳ ಆ ಲೆಕ್ಕವನ್ನು ರಿಲೇಗಳಿಗೆ, ಅಂದರೆ ವಿದ್ಯುತ್ತಿನಿಂದಲೇ ಆನ್ ಆಫ್ ಆಗುವ ಸ್ವಿಚ್ಚುಗಳಿಗೆ, ಹೊಂದಿಸಬಹುದು ಅಂತ 1937ರ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದರು. ಇಂದಿನ ಡಿಜಿಟಲ್ ಸರ್ಕ್ಯೂಟುಗಳ ತಳಪಾಯ ಅದು. ಫಿಲಾಸಫಿ ಯಾಕೆ, ಸುಮ್ನೆ ಟೈಮ್ ವೇಸ್ಟ್ ಅಂತ ಅವರು ಬಿಟ್ಟಿದ್ದರೆ?

ಕೆಲವರು ಕೊನೆಗೆ ಇದನ್ನೂ ಕೇಳುತ್ತಾರೆ: ಮತ್ತೆ ಓದುವುದಾದರೆ ಅದೇ ಕೆಮಿಸ್ಟ್ರಿ ತಗೊಳ್ತೀರಾ? ತಗೊಳ್ತೀನಿ. ಆದರೆ ಹಾಜರಾತಿಗೆ ಅಂತ ಹಿಂದಿನ ಬೆಂಚಿನಲ್ಲಿ ಕೂತು ಕಳೆದ ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಈ ಸಲ ಮುಂದೆ ಕೂರುತ್ತೇನೆ. ಬ್ಯಾಲೆನ್ಸ್ ಶೀಟ್ ಓದುವುದನ್ನು ಆ ಮೇಷ್ಟ್ರು ಎರಡು ವಾರ ಹೇಳಿಕೊಟ್ಟಿದ್ದರು. ಹತ್ತು ವರ್ಷದ ನಂತರ ನಾನು ಅದನ್ನು ಮೊದಲಿನಿಂದ ಕಲಿಯಬೇಕಾಯಿತು.