ಕ್ಯಾಮೆರಾ ಆಫ್ ಮಾಡಿದರೂ ಡೇಟಾ ಯಾಕೆ ಖಾಲಿಯಾಗುತ್ತೆ?

ಆನ್‌ಲೈನ್ ಮೀಟಿಂಗ್‌ಗೆ ಸೇರಿದ ಕೂಡಲೇ ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ಇನ್ನು ಡೇಟಾ ಚಿಂತೆಯಿಲ್ಲ ಅಂತ ಬಹಳ ಜನ ನಿರಾಳವಾಗಿಬಿಡುತ್ತಾರೆ. ಒಂದು ಗಂಟೆಯ ಮೀಟಿಂಗ್ ಮುಗಿಸಿ ನೋಡಿದರೆ ಮುಕ್ಕಾಲು ಜಿಬಿಗೂ ಹೆಚ್ಚು ಹೋಗಿರುತ್ತದೆ. ಇದರಲ್ಲಿ ಆ್ಯಪ್‌ನ ಮೋಸವೇನಿಲ್ಲ. ಕ್ಯಾಮೆರಾ ಆಫ್ ಮಾಡಿದಾಗ ನಿಲ್ಲುವುದು ನಿಮ್ಮ ಕಡೆಯಿಂದ ಹೋಗುವ ವಿಡಿಯೊ ಮಾತ್ರ. ಉಳಿದವರ ಮುಖಗಳೆಲ್ಲ ನಿಮ್ಮ ಪರದೆಗೆ ಬರುತ್ತಲೇ ಇರುತ್ತವೆ, ಅದೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ನಿಜ ಹೇಳಬೇಕೆಂದರೆ ನೀವು ಕ್ಯಾಮೆರಾ ಆಫ್ ಮಾಡಿದ್ದು ನಿಮಗಿಂತ ಉಳಿದವರಿಗೇ ಹೆಚ್ಚು ಉಪಕಾರ.

ಲೆಕ್ಕ ಹಾಕಲು ಒಂದೇ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು: 450. ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಡೇಟಾವನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ, 8 ಬಿಟ್‌ಗೆ 1 ಬೈಟ್. ಹಾಗಾಗಿ 1 ಎಂಬಿಪಿಎಸ್ (ಸೆಕೆಂಡಿಗೆ 10 ಲಕ್ಷ ಬಿಟ್) ವೇಗದಲ್ಲಿ ಒಂದು ಗಂಟೆ, ಅಂದರೆ 3600 ಸೆಕೆಂಡ್ ಹರಿದರೆ 450 ಎಂಬಿ. ಹೋಗುವುದನ್ನೂ ಬರುವುದನ್ನೂ ಕೂಡಿಸಿ ಆಮೇಲೆ ಗುಣಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ.

ಜೂಮ್ ತಾನೇ ಪ್ರಕಟಿಸಿರುವ ಅಂಕಿಗಳಿಗೆ ಇದನ್ನು ಹಚ್ಚಿ ನೋಡೋಣ. ಇಬ್ಬರ ನಡುವಿನ, ಜೂಮ್ ‘ಹೈ ಕ್ವಾಲಿಟಿ’ ಅನ್ನುವ ವಿಡಿಯೊ ಕರೆಗೆ ಒಂದೊಂದು ದಿಕ್ಕಿಗೆ 600 ಕೆಬಿಪಿಎಸ್ ಬೇಕು (1000 ಕೆಬಿಪಿಎಸ್ ಅಂದರೆ 1 ಎಂಬಿಪಿಎಸ್). ಎರಡೂ ಸೇರಿ 1.2 ಎಂಬಿಪಿಎಸ್, ಗಂಟೆಗೆ 540 ಎಂಬಿ. 720ಪಿ (ಚಿತ್ರದ ಎತ್ತರ 720 ಚುಕ್ಕಿ) ಆದರೆ ದಿಕ್ಕಿಗೆ 1.2 ಎಂಬಿಪಿಎಸ್, ಗಂಟೆಗೆ 1 ಜಿಬಿ ದಾಟುತ್ತದೆ. 1080ಪಿ ಆದರೆ ಹೋಗಲು 3.8, ಬರಲು 3.0, ಅಂದರೆ ಗಂಟೆಗೆ 3 ಜಿಬಿ. 25 ಜನರ ಮುಖ ಚೌಕಗಳಲ್ಲಿ ಒಟ್ಟಿಗೆ ಕಾಣುವ ಗ್ಯಾಲರಿ ನೋಟಕ್ಕೆ ಬರುವ ದಿಕ್ಕಿನಲ್ಲೇ 2.0 ಎಂಬಿಪಿಎಸ್ ಬೇಕು. ನಿಮ್ಮ ಕ್ಯಾಮೆರಾ ಆಫ್ ಇದ್ದರೂ ಗಂಟೆಗೆ 900 ಎಂಬಿ ಹೋಯಿತು. ಗ್ಯಾಲರಿಯಲ್ಲಿ 49 ಜನರನ್ನು ಇಟ್ಟುಕೊಂಡರೆ 1.8 ಜಿಬಿ. ಇವೆಲ್ಲ ಗರಿಷ್ಠ ಮಟ್ಟದ ಅಂದಾಜು. ಆದರೂ ಪ್ಯಾಕ್ ಸಾಲುತ್ತದೋ ಇಲ್ಲವೋ ಎಂದು ತೀರ್ಮಾನಿಸುವಾಗ ಗರಿಷ್ಠ ಅಂದಾಜನ್ನೇ ಹಿಡಿಯುವುದು ಕ್ಷೇಮ.

ಧ್ವನಿಯ ಲೆಕ್ಕ ಬೇರೆಯೇ ಲೋಕ. ಬರೀ ಮಾತಿಗೆ 60ರಿಂದ 80 ಕೆಬಿಪಿಎಸ್ ಸಾಕು. ಎರಡೂ ದಿಕ್ಕು ಸೇರಿಸಿದರೂ ಗಂಟೆಗೆ 72 ಎಂಬಿ ಮೀರದು. ಇದರಲ್ಲೂ ಎಲ್ಲವೂ ಮಾತಲ್ಲ. ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡ್‌ಗಳ ತುಣುಕುಗಳಾಗಿ ಕಳಿಸುತ್ತಾರೆ, ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿ ಪ್ಯಾಕೆಟ್ಟಿನ ತಲೆಯ ಮೇಲೂ ವಿಳಾಸ, ಕ್ರಮಸಂಖ್ಯೆ ಅಂತ 40 ಬೈಟ್ ಹೆಡರ್ ಕೂತಿರುತ್ತದೆ. ನೆಟ್‌ನಲ್ಲಿ ಪ್ಯಾಕೆಟ್ ಸಾಗಿಸುವ ಮೂರು ನಿಯಮಾವಳಿಗಳ ಪಾಲು ಅದು: ಐಪಿಗೆ 20, ಯುಡಿಪಿಗೆ 8, ಆರ್‌ಟಿಪಿಗೆ 12. ಅಷ್ಟಕ್ಕೇ 16 ಕೆಬಿಪಿಎಸ್ ಆಯಿತು. ಐಪಿ ಆವೃತ್ತಿ 6 ಆದರೆ ಹೆಡರ್ ಇನ್ನೂ 20 ಬೈಟ್ ದಪ್ಪ. ಕಾಗದದ ಜೊತೆ ಲಕೋಟೆಯ ಭಾರಕ್ಕೂ ದುಡ್ಡು ಕೊಟ್ಟ ಹಾಗೆ. ಆದರೂ ಧ್ವನಿಯಲ್ಲಿ ಉಳಿಸಲು ಹೋಗುವುದು ವ್ಯರ್ಥ, ಉಳಿತಾಯ ಇರುವುದು ಬರುವ ವಿಡಿಯೊದಲ್ಲಿ.

ಅದನ್ನು ತಡೆಯುವ ಗುಂಡಿ ಹೆಚ್ಚುಕಮ್ಮಿ ಎಲ್ಲ ಆ್ಯಪ್‌ಗಳಲ್ಲೂ ಇದೆ, ಕಣ್ಣಿಗೆ ಬೀಳುವಂತೆ ಇಟ್ಟಿರುವುದಿಲ್ಲ ಅಷ್ಟೇ. ಕಂಪ್ಯೂಟರ್‌ನಲ್ಲಿ ಗೂಗಲ್ ಮೀಟ್ ಬಳಸುವವರು ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ವಿಡಿಯೊ ವಿಭಾಗ ತೆರೆದರೆ ಕಳಿಸುವ ರೆಸಲ್ಯೂಶನ್, ಪಡೆಯುವ ರೆಸಲ್ಯೂಶನ್ ಅಂತ ಎರಡು ಪಟ್ಟಿ ಸಿಗುತ್ತವೆ. ಜನ ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ‘ಆಟೊ’ದಲ್ಲೇ ಬಿಡುತ್ತಾರೆ. ಎರಡನ್ನೂ 360ಪಿಗೆ ಇಳಿಸಿ. ಮಾತು ಕೇಳಿದರೆ ಸಾಕು ಅನ್ನುವ ಮೀಟಿಂಗಾದರೆ ಪಡೆಯುವ ಪಟ್ಟಿಯಲ್ಲಿ ‘ಆಡಿಯೊ ಓನ್ಲಿ’ ಆರಿಸಿ. ಜೂಮ್‌ನಲ್ಲಿ ಮತ್ತು ಟೀಮ್ಸ್‌ನಲ್ಲಿ ‘ಇನ್‌ಕಮಿಂಗ್ ವಿಡಿಯೊ’ ನಿಲ್ಲಿಸುವ ಆಯ್ಕೆ ಹುಡುಕಿ. ಆಫೀಸಿನ ಖಾತೆಯಲ್ಲಿ ಅದು ಕಾಣದಿದ್ದರೆ ಅಡ್ಮಿನ್ ಅದನ್ನು ತೆರೆದಿಲ್ಲದಿರಬಹುದು, ಕೇಳಿ ನೋಡಿ. ಜೂಮ್‌ನ ವಿಡಿಯೊ ಸೆಟ್ಟಿಂಗ್‌ನಲ್ಲಿ ‘ಎಚ್‌ಡಿ’ ಟಿಕ್ ತೆಗೆಯುವುದೂ ಒಳ್ಳೆಯದೇ. ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ‘ಯೂಸ್ ಲೆಸ್ ಡೇಟಾ ಫಾರ್ ಕಾಲ್ಸ್’. ಒಮ್ಮೆ ಆನ್ ಮಾಡಿಟ್ಟರೆ ಮುಗಿಯಿತು.

ಮುಖ ನೋಡಲೇಬೇಕು ಅಂದರೆ ಪರದೆಯ ಮೇಲಿನ ಮೀಟಿಂಗ್ ಕಿಟಕಿ ಚಿಕ್ಕದು ಮಾಡಿ. ಇದು ಕೆಲಸ ಮಾಡುವುದು ಹೀಗೆ: ಗುಂಪು ಕರೆಯಲ್ಲಿ ನಿಮ್ಮ ಕ್ಯಾಮೆರಾದ ಚಿತ್ರವನ್ನು ಆ್ಯಪ್ ಸಾಮಾನ್ಯವಾಗಿ ಎರಡು ಮೂರು ಗಾತ್ರಗಳಲ್ಲಿ ಸರ್ವರ್‌ಗೆ ಕಳಿಸುತ್ತದೆ. ನೋಡುವವರ ಪರದೆಯಲ್ಲಿ ನಿಮ್ಮ ಚೌಕ ಎಷ್ಟು ದೊಡ್ಡದಿದೆ ಎಂಬುದರ ಮೇಲೆ ಯಾವ ಗಾತ್ರ ಕೊಡಬೇಕೆಂದು ಸರ್ವರ್ ನಿರ್ಧರಿಸುತ್ತದೆ. ಪೂರ್ತಿ ಪರದೆಗೆ ಹಿಗ್ಗಿಸಿದರೆ ದೊಡ್ಡದು, ಮೂಲೆಗೆ ಸರಿಸಿದರೆ ಚಿಕ್ಕದು. ಒಬ್ಬರನ್ನು ಪಿನ್ ಮಾಡಿ (ಸದಾ ದೊಡ್ಡದಾಗಿ ಕಾಣುವಂತೆ ಇಟ್ಟು) ಮರೆತುಬಿಟ್ಟರೆ ಇಡೀ ಹೊತ್ತು ಅವರ ದೊಡ್ಡ ಚಿತ್ರ ಹರಿಯುತ್ತಲೇ ಇರುತ್ತದೆ.

ನೆಟ್‌ವರ್ಕ್ ಚೆನ್ನಾಗಿದ್ದಷ್ಟೂ ಡೇಟಾ ಬೇಗ ಕರಗುತ್ತದೆ ಅನ್ನುವುದು ಕೆಲವರಿಗೆ ತಿರುಗುಮುರುಗಾಗಿ ಕಾಣಬಹುದು. ‘ಆಟೊ’ದಲ್ಲಿದ್ದ ಕರೆ ದಾರಿ ಅಗಲವಾಗಿ ಕಂಡ ಕೂಡಲೇ ಗುಣಮಟ್ಟ ಏರಿಸುತ್ತದೆ. ಮೊನ್ನೆ ತಡವರಿಸುತ್ತಿದ್ದ ಕರೆ 300 ಎಂಬಿ ತಿಂದಿದ್ದರೆ ಇವತ್ತು ಸೊಗಸಾಗಿ ನಡೆದದ್ದು 1 ಜಿಬಿ ತಿನ್ನಬಹುದು.

ಕ್ಯಾಮೆರಾ ಆನ್ ಇಡುವವರು ಹಿನ್ನೆಲೆ ನೋಡಿಕೊಳ್ಳಿ. ವಿಡಿಯೊದಲ್ಲಿ ಮುಖ್ಯವಾಗಿ ಹೋಗುವುದು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಆದ ಬದಲಾವಣೆ. ಹಿಂದೆ ಫ್ಯಾನ್ ತಿರುಗುತ್ತಿದ್ದರೆ, ಕಿಟಕಿಯಾಚೆ ಎಲೆ ಅಲುಗುತ್ತಿದ್ದರೆ ಅದೆಲ್ಲವೂ ಬದಲಾವಣೆಯೇ. ಮಬ್ಬು ಬೆಳಕು ಇನ್ನೂ ಕೆಟ್ಟದ್ದು. ಕತ್ತಲಲ್ಲಿ ಸೆನ್ಸರ್ ಹುಟ್ಟಿಸುವ ಚುಕ್ಕೆಗಳ ಗದ್ದಲವನ್ನೂ ಎನ್‌ಕೋಡರ್ (ವಿಡಿಯೊವನ್ನು ಕುಗ್ಗಿಸುವ ತಂತ್ರಾಂಶ) ಚಲನೆ ಅಂದುಕೊಂಡು ಕಷ್ಟಪಟ್ಟು ಕಳಿಸುತ್ತದೆ. ಮುಖದ ಮೇಲೆ ದೀಪ ಬೀಳಲಿ, ಹಿಂದೆ ಖಾಲಿ ಗೋಡೆ ಇರಲಿ. ಹಿನ್ನೆಲೆ ಬ್ಲರ್ ಮಾಡಿದರೂ ಸ್ವಲ್ಪ ಉಳಿಯಬಹುದು, ಆದರೆ ಬ್ಯಾಟರಿ ಬೇಗ ಇಳಿಯುತ್ತದೆ.

ಸ್ಕ್ರೀನ್ ಶೇರ್‌ಗೆ ಹೆದರಬೇಕಿಲ್ಲ. ನಿಂತ ಸ್ಲೈಡಿಗೆ 50ರಿಂದ 75 ಕೆಬಿಪಿಎಸ್, ಗಂಟೆಗೆ 34 ಎಂಬಿ ಒಳಗೇ. ಅದರಲ್ಲೇ ವಿಡಿಯೊ ಓಡಿಸಿದರೆ ಮಾತ್ರ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಅಂಥ ವಿಡಿಯೊದ ಲಿಂಕ್ ಕೊಟ್ಟು, ಬೇಕಾದವರು ನೋಡಿಕೊಳ್ಳಲಿ ಅಂದರೆ ಎಲ್ಲರಿಗೂ ಉಳಿತಾಯ.

ಮೊಬೈಲ್ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪ್‌ಗೆ ನೆಟ್ ಕೊಟ್ಟು ಮೀಟಿಂಗ್ ಮಾಡುವವರ ಕಥೆ ಬೇರೆ. ಎಷ್ಟೋ ಸಲ ಬೈಸಿಕೊಳ್ಳುವುದು ಮೀಟಿಂಗ್, ತಿಂದದ್ದು ಇನ್ಯಾರೋ. ವೈಫೈ ಸಿಕ್ಕಿತು ಅಂದುಕೊಂಡ ಲ್ಯಾಪ್‌ಟಾಪ್ ಬಾಕಿಯಿದ್ದ ಅಪ್‌ಡೇಟ್, ಫೋಟೊ ಬ್ಯಾಕಪ್ ಎಲ್ಲವನ್ನೂ ಹಿಂದೆ ಕೂತು ಎಳೆಯುತ್ತಿರುತ್ತದೆ. ವಿಂಡೋಸ್‌ನಲ್ಲಿ ಆ ವೈಫೈನ ಪ್ರಾಪರ್ಟೀಸ್ ತೆರೆದು ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಮ್ಯಾಕ್‌ನಲ್ಲಾದರೆ ‘ಲೋ ಡೇಟಾ ಮೋಡ್’. ಫೋನಿನ ಡೇಟಾ ಪಟ್ಟಿಯಲ್ಲಿ ಇದು ಮೀಟಿಂಗ್ ಆ್ಯಪ್‌ನ ಹೆಸರಲ್ಲಿ ಕಾಣದು, ಹಾಟ್‌ಸ್ಪಾಟ್ ಹೆಸರಿನ ಒಂದೇ ಸಾಲಿನಲ್ಲಿ ಎಲ್ಲ ಸೇರಿಹೋಗಿರುತ್ತದೆ.

ನಿಮ್ಮ ಕರೆ ನಿಜಕ್ಕೂ ಎಷ್ಟು ತಿನ್ನುತ್ತಿದೆ ಅಂತ ನೋಡಬೇಕೇ? ಕ್ರೋಮ್‌ನಲ್ಲಿ ಮೀಟ್ ನಡೆಯುತ್ತಿರುವಾಗಲೇ ಇನ್ನೊಂದು ಟ್ಯಾಬ್‌ನಲ್ಲಿ ‘ವೆಬ್‌ಆರ್‌ಟಿಸಿ ಇಂಟರ್ನಲ್ಸ್’ (chrome://webrtc-internals) ಎಂಬ ಕ್ರೋಮ್‌ನ ಒಳಪುಟ ತೆರೆಯಿರಿ. ಕರೆ ಮುಗಿದ ಮೇಲೆ ತೆರೆದರೆ ಏನೂ ಸಿಗದು. ಬರುತ್ತಿರುವ ಒಂದೊಂದು ವಿಡಿಯೊಗೂ ‘ಇನ್‌ಬೌಂಡ್’ ಎಂಬ ಗುಂಪು ಇರುತ್ತದೆ, ಅದರೊಳಗೆ ಬಂದ ಬೈಟ್‌ಗಳ ಮೊತ್ತ, ಫ್ರೇಮಿನ ಅಗಲ ಎತ್ತರ ಎಲ್ಲ ಓಡುತ್ತಿರುತ್ತವೆ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಬರೆದುಕೊಂಡು, ವ್ಯತ್ಯಾಸವನ್ನು 60ರಿಂದ ಗುಣಿಸಿದರೆ ಆ ವಿಡಿಯೊದ ಗಂಟೆಯ ಲೆಕ್ಕ. ಹೆಡರ್‌ಗಳ ಬೈಟ್ ಬೇರೆ ಸಾಲಿನಲ್ಲಿ ಇರುತ್ತದೆ, ಕೂಡಿಸುವುದನ್ನು ಮರೆಯಬೇಡಿ. ಪಡೆಯುವ ರೆಸಲ್ಯೂಶನ್ ಇಳಿಸಿದ ಮೇಲೆ ಅಗಲ ಎತ್ತರ ಕುಗ್ಗದಿದ್ದರೆ ಸೆಟ್ಟಿಂಗ್ ಹಿಡಿದಿಲ್ಲ ಎಂದೇ ಅರ್ಥ.

ಡೇಟಾ ತೀರಿಯೇ ಹೋಗುವಂತಿದ್ದರೆ ಆಹ್ವಾನದಲ್ಲಿ ಡಯಲ್-ಇನ್ ನಂಬರ್ ಇದೆಯೇ ನೋಡಿ. ಮಾಮೂಲಿ ಫೋನ್ ಕರೆ ಮಾಡಿ, ಮೀಟಿಂಗ್ ಸಂಖ್ಯೆ ಒತ್ತಿ ಸೇರಿಕೊಂಡರೆ ಇಂಟರ್ನೆಟ್ ಬೇಕಾಗಿಯೇ ಇಲ್ಲ. ಸ್ಲೈಡ್ ನೋಡಲು ಲ್ಯಾಪ್‌ಟಾಪ್‌ನಲ್ಲೂ ಸೇರಿದ್ದರೆ ಅಲ್ಲಿಯ ಆಡಿಯೊದಿಂದ ಹೊರಬನ್ನಿ, ಬರೀ ಮ್ಯೂಟ್ ಮಾಡಿದರೆ ಸಾಲದು. ಇಲ್ಲವಾದರೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ.