ಯೀಸ್ಟ್ ಔಷಧವನ್ನು ಆಚೆ ತಳ್ಳುವುದನ್ನು ಕಣ್ಣಾರೆ ನೋಡುವ ಕೆಲಸ: ಇಲ್ಲಿಯವರೆಗೆ ಆದದ್ದು

ಔಷಧವನ್ನು ಆಚೆ ತಳ್ಳುವ ಪಿಡಿಆರ್5 ಎಂಬ ಪ್ರೋಟೀನ್ ಇಲ್ಲದ ಯೀಸ್ಟ್ ಜುಲೈಯಲ್ಲಿ ಕೊನೆಗೂ ಕೈಗೆ ಸಿಕ್ಕಿತು. ಮೂರು ತಿಂಗಳಿಂದ ಮಾಡಿದ ಕೆಲಸಕ್ಕೆ ಈಗ ಒಂದು ಅರ್ಥ ಬಂತು ಅನ್ನಿಸುತ್ತಿದೆ. ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತೇನೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಬ್ರೆಡ್ಡಿಗೆ ಹಾಕುವ ಯೀಸ್ಟ್ ಇದೆಯಲ್ಲ, ಅದರ ಹೊರಪೊರೆಯಲ್ಲಿ ಬೇಡದ ವಸ್ತುಗಳನ್ನು ಆಚೆ ಹಾಕುವ ಪ್ರೋಟೀನ್‌ಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಪಿಡಿಆರ್5. 1511 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರಪಳಿ ಅದು. ಒಂದು ಭಾಗ ಪೊರೆಯೊಳಗೆ ಹೂತಿರುತ್ತದೆ, ಇನ್ನೊಂದು ಕೋಶದ ಒಳಗೆ ಚಾಚಿಕೊಂಡು, ಕೋಶದ ಇಂಧನವಾದ ಎಟಿಪಿಯನ್ನು ಒಡೆದು ಶಕ್ತಿ ಕೊಡುತ್ತದೆ. ಔಷಧ ಒಳಗೆ ಬರುವುದನ್ನು ಈ ಪಂಪು ತಡೆಯುವುದಿಲ್ಲ. ಸೋರುವ ಹರಿಗೋಲಿನಲ್ಲಿ ಕೂತು ನೀರು ಮೊಗೆದು ಹಾಕುವ ಹಾಗೆ, ಬಂದದ್ದನ್ನು ಬಂದಂತೆ ಆಚೆ ಹಾಕುತ್ತಾ ಇರುತ್ತದೆ. ಕೈ ನಿಂತರೆ ಮುಳುಗಿದ ಹಾಗೇ. ಅಂದರೆ ಇದಕ್ಕೆ ಸದಾ ಶಕ್ತಿ ಬೇಕು. ನಮ್ಮ ಪ್ರಯೋಗ ಹಿಡಿದುಕೊಂಡಿರುವುದು ಇದೇ ಎಳೆಯನ್ನು.

ಜಾಗ ನಮ್ಮೂರಿನ ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬ್. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಅಲ್ಲಿನ ಮೇಡಂ ನನಗೆ ಒಂದು ಬೆಂಚು ಬಿಟ್ಟುಕೊಡುತ್ತಾರೆ. ಅವರಿಲ್ಲದೆ ಇದು ಆಗುತ್ತಲೇ ಇರಲಿಲ್ಲ.

ಜೂನ್: ಅಂಗಡಿ ಯೀಸ್ಟ್, ಗುಲಾಬಿ ಬಣ್ಣ

ಔಷಧ ಹೊರಗೆ ಹೋಗುವುದು ಕಣ್ಣಿಗೆ ಕಾಣುವುದಿಲ್ಲ. ಬಣ್ಣ ಕಾಣುತ್ತದೆ. ಅದಕ್ಕೇ ರೋಡಮೈನ್ 6ಜಿ ತಂದುಕೊಂಡೆವು. ಪಿಡಿಆರ್5 ಈ ಬಣ್ಣವನ್ನೂ ಔಷಧದ ಹಾಗೆಯೇ ಆಚೆ ಹಾಕುತ್ತದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಕಾಟನ್ ಕ್ಯಾಂಡಿಗೆ ಹಾಕಬಾರದು ಅಂತ ಕರ್ನಾಟಕ ಸರ್ಕಾರ ನಿಷೇಧಿಸಿತಲ್ಲ ರೋಡಮೈನ್ ಬಿ, ಇದೂ ಅದೇ ಗುಂಪಿನ ಬಣ್ಣ. ಗ್ಲೌಸ್ ಇಲ್ಲದೆ ಮುಟ್ಟುವುದಿಲ್ಲ. ಮನೆಯಲ್ಲಿ ಮಾಡಿ ನೋಡೋಣ ಅಂತ ಯಾರೂ ಹೊರಡಬೇಡಿ.

ಮೊದಲು ಯೀಸ್ಟನ್ನು ಉಪವಾಸ ಕೆಡವಬೇಕು. ಚೆನ್ನಾಗಿ ತೊಳೆದು, ಸಕ್ಕರೆ ಇಲ್ಲದ ಬಫರ್‌ನಲ್ಲಿ (ಆಮ್ಲತೆ ಏರುಪೇರಾಗದ ದ್ರಾವಣ) 2-ಡಿಯಾಕ್ಸಿಗ್ಲೂಕೋಸ್ ಸೇರಿಸಿ ಅಲ್ಲಾಡಿಸುತ್ತಾ ಇಟ್ಟೆವು. ಇದು ಗ್ಲೂಕೋಸ್‌ನಂತೆಯೇ ಇರುವ ವಸ್ತು. ಯೀಸ್ಟ್ ಒಳಗೆ ತೆಗೆದುಕೊಳ್ಳುತ್ತದೆ, ಅದಕ್ಕಾಗಿ ಎಟಿಪಿ ಖರ್ಚು ಮಾಡುತ್ತದೆ, ಆದರೆ ಮುಂದಕ್ಕೆ ಬಳಸಲಾಗದೆ ನಿಂತುಬಿಡುತ್ತದೆ. ಒಳಗಿನ ಶಕ್ತಿ ಖಾಲಿ. ಆಮೇಲೆ 10 ಮೈಕ್ರೋಮೋಲಾರ್ ಲೆಕ್ಕದಲ್ಲಿ ಬಣ್ಣ ಹಾಕಿದೆವು. ಪಂಪು ಓಡುತ್ತಿಲ್ಲವಲ್ಲ, ಬಣ್ಣ ಸಲೀಸಾಗಿ ಒಳಗೆ ಇಳಿಯುತ್ತದೆ.

ಸೆಂಟ್ರಿಫ್ಯೂಜ್‌ನಿಂದ ಟ್ಯೂಬು ತೆಗೆದಾಗ ತಳದಲ್ಲಿ ಕೂತ ಯೀಸ್ಟ್ ಗಾಢ ಗುಲಾಬಿ. ತಣ್ಣನೆ ಬಫರ್‌ನಲ್ಲಿ ತೊಳೆದ ಮೇಲೂ ಹಾಗೇ. ಅದನ್ನು ಹೊಸ ಬಫರ್‌ನಲ್ಲಿ ಕದಡಿ ಎರಡು ಪಾಲು ಮಾಡಿದೆವು. ಒಂದಕ್ಕೆ ಗ್ಲೂಕೋಸ್, ಇನ್ನೊಂದಕ್ಕೆ ಏನೂ ಇಲ್ಲ. ಐದೈದು ನಿಮಿಷಕ್ಕೆ ಸ್ವಲ್ಪ ತೆಗೆದು, ತಿರುಗಿಸಿ, ಮೇಲಿನ ತಿಳಿಯನ್ನು ಮಾತ್ರ ಕಲೊರಿಮೀಟರ್‌ಗೆ, ಅಂದರೆ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರಕ್ಕೆ, ಹಾಕುವುದು. ಈ ಬಣ್ಣ ಜಾಸ್ತಿ ಹೀರುವುದು 527 ನ್ಯಾನೋಮೀಟರ್ ಹತ್ತಿರದ ಬೆಳಕನ್ನು. ಕಾಲೇಜಿನ ಹಳೆಯ ಕಲೊರಿಮೀಟರ್‌ನ 520ರ ಫಿಲ್ಟರ್ ಅದಕ್ಕೆ ಸಾಕಾಗುತ್ತದೆ.

ಗ್ಲೂಕೋಸ್ ಹಾಕಿದ ಟ್ಯೂಬಿನ ತಿಳಿ ನೋಡನೋಡುತ್ತಲೇ ಗುಲಾಬಿಯಾಗುತ್ತಾ ಹೋಯಿತು. ತಳದ ಯೀಸ್ಟ್ ಬೆಳ್ಳಗಾಗುತ್ತಾ ಬಂತು. ಹಸಿರು ಎಲ್‌ಇಡಿ ಹಿಡಿದು ಕಿತ್ತಳೆ ಹಾಳೆಯ ಮೂಲಕ ನೋಡಿದರೆ ಆ ತಿಳಿಯೇ ಹೊಳೆಯುತ್ತದೆ. ಸಕ್ಕರೆ ಕಾಣದ ಟ್ಯೂಬಿನಲ್ಲೂ ಸ್ವಲ್ಪ ಬಣ್ಣ ಸೋರಿತ್ತು, ಆದರೆ ನಿಧಾನ, ಮಂಕು.

ನಾನು ಕುಣಿದಾಡುವುದೊಂದು ಬಾಕಿ. ಮೇಡಂ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಪಂಪೇ ಹೊರಗೆ ಹಾಕಿದ್ದು ಅಂತ ಹೇಗೆ ಹೇಳ್ತೀರಿ?" ಸರಿಯಾದ ಪ್ರಶ್ನೆ. ಸಕ್ಕರೆ ಸಿಕ್ಕರೆ ಕೋಶದೊಳಗೆ ನೂರಾರು ಕೆಲಸ ಶುರುವಾಗುತ್ತವೆ. ಬಣ್ಣ ಹೊರಬರಲು ಶಕ್ತಿ ಬೇಕು ಅನ್ನುವುದಷ್ಟೇ ನಮಗೆ ಗೊತ್ತಾಗಿತ್ತು. ಪಿಡಿಆರ್5 ಹೆಸರು ಹೇಳಬೇಕಾದರೆ ಪಿಡಿಆರ್5 ಇಲ್ಲದ ಯೀಸ್ಟ್ ಬೇಕು.

ಜುಲೈ: ಜೊತೆಗೆ ಇಟ್ಟು ನೋಡುವುದು

ಯೀಸ್ಟಿನಲ್ಲಿ ಸುಮಾರು 6000 ಜೀನ್‌ಗಳಿವೆ. ಒಂದೊಂದನ್ನೇ ತೆಗೆದುಹಾಕಿದ ತಳಿಗಳ ದೊಡ್ಡ ಸಂಗ್ರಹ ಪ್ರಪಂಚದ ಎಷ್ಟೋ ಲ್ಯಾಬ್‌ಗಳ ಫ್ರೀಜರ್‌ಗಳಲ್ಲಿದೆ. ಮೇಡಂ ತಮ್ಮ ಪರಿಚಯದವರ ಲ್ಯಾಬ್‌ನಿಂದ ಎರಡು ತಳಿ ತರಿಸಿದರು. ಒಂದು ಬಿವೈ4741, ಎಲ್ಲ ಪಂಪುಗಳೂ ಇರುವಂಥದ್ದು. ಇನ್ನೊಂದು ಅದೇ ತಳಿ, ಪಿಡಿಆರ್5 ಮಾತ್ರ ಇಲ್ಲ.

ಅದೇ ಪ್ರಯೋಗ, ಅದೇ ಉಪವಾಸ. ಈ ಸಲ ಎರಡಕ್ಕೂ ಗ್ಲೂಕೋಸ್ ಹಾಕಿದೆವು. ಮೊದಲನೆಯದರ ತಿಳಿ ಗುಲಾಬಿಯಾಯಿತು. ಎರಡನೆಯದಕ್ಕೆ ಸಕ್ಕರೆ ಸಿಕ್ಕರೂ ಬಣ್ಣ ಒಳಗೇ ಉಳಿಯಿತು. ಕಲೊರಿಮೀಟರ್ ಮುಳ್ಳು ಸಕ್ಕರೆ ಇಲ್ಲದ ಟ್ಯೂಬಿನ ಆಸುಪಾಸಿನಲ್ಲೇ ನಿಂತಿತು. ಒಂದು ಜೀನ್ ತೆಗೆದಿದ್ದಕ್ಕೆ ಇಷ್ಟು ವ್ಯತ್ಯಾಸ! ಎಸ್‌ಎನ್‌ಕ್ಯೂ2, ವೈಒಆರ್1 ಅಂತ ಬೇರೆ ಪಂಪುಗಳೂ ಇವೆ. ಅವು ಹಿಡಿಯುವ ವಸ್ತುಗಳೇ ಬೇರೆ, ಕೆಲವು ಮಾತ್ರ ಪಿಡಿಆರ್5 ಜೊತೆ ಹೊಂದುತ್ತವೆ. ಈ ಬಣ್ಣದ ಕೆಲಸದ ಮಟ್ಟಿಗೆ ಪಿಡಿಆರ್5 ಜಾಗವನ್ನು ಅವು ತುಂಬಲಿಲ್ಲ.

ಆಗಸ್ಟ್: ಡಿಸ್ಕಿನ ಸುತ್ತ

ಬಣ್ಣ ಬಿಟ್ಟು ನಿಜವಾದ ಔಷಧಕ್ಕೆ ಬಂದೆವು. ಫ್ಲುಕೋನಜೋಲ್ ಗೊತ್ತಲ್ಲ, ಫಂಗಸ್ ಸೋಂಕಿಗೆ ಡಾಕ್ಟರು ಬರೆದುಕೊಡುವ ಮಾತ್ರೆ. ಫಂಗಸ್ಸಿನ ಪೊರೆಗೆ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದನ್ನು ತಯಾರಿಸುವ ಇಆರ್‌ಜಿ11 ಎನ್ನುವ ಕಿಣ್ವವನ್ನು ಈ ಔಷಧ ಕಟ್ಟಿಹಾಕುತ್ತದೆ. ಅಗರ್ ಪ್ಲೇಟಿನ ಮೇಲೆ ಯೀಸ್ಟ್ ಸವರಿ, ನಡುವೆ 25 ಮೈಕ್ರೋಗ್ರಾಂ ಫ್ಲುಕೋನಜೋಲ್ ಇರುವ ಪುಟ್ಟ ಕಾಗದದ ಡಿಸ್ಕ್ ಇಟ್ಟು, 30 ಡಿಗ್ರಿಯಲ್ಲಿ ಎರಡು ದಿನ ಬಿಟ್ಟೆವು.

ಪಂಪು ಇಲ್ಲದ ತಳಿಯ ಪ್ಲೇಟಿನಲ್ಲಿ ಡಿಸ್ಕಿನ ಸುತ್ತ ದೊಡ್ಡ ಖಾಲಿ ವೃತ್ತ. ಪಂಪು ಇರುವ ತಳಿಯಲ್ಲಿ ವೃತ್ತ ಚಿಕ್ಕದು, ಅಂಚೂ ಅಷ್ಟು ಸ್ಪಷ್ಟವಿಲ್ಲ. ಇದು ನಿರೀಕ್ಷಿಸಿದ್ದೇ. ನಿರೀಕ್ಷೆ ಇಲ್ಲದ್ದು ಬೇರೆ ಇತ್ತು. ಪಂಪು ಇರುವ ತಳಿಯ ಖಾಲಿ ವೃತ್ತದೊಳಗೆ, ಡಿಸ್ಕಿಗೆ ಹತ್ತಿರದಲ್ಲೇ, ಸೂಜಿಮೊನೆಯಷ್ಟು ಚಿಕ್ಕ ಕಾಲೊನಿಗಳು ಎದ್ದಿದ್ದವು. ಔಷಧ ಅತಿ ಜಾಸ್ತಿ ಇರುವ ಜಾಗದಲ್ಲೇ ಅವು ಬೆಳೆಯುತ್ತಿದ್ದವು!

ಬೇರೆ ಸೋಂಕು ಇರಬಹುದೇ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಯೀಸ್ಟೇ. ಆಗ ಮೇಡಂಗೆ ಹೊಳೆದದ್ದು ಪೆಟೀಟ್ ಯೀಸ್ಟ್. ಕೋಶದೊಳಗೆ ಉಸಿರಾಟದಿಂದ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯದ ಡಿಎನ್‌ಎ ಕಳೆದುಕೊಂಡ ಕೋಶಗಳು ಇವು. ಉಸಿರಾಟದಿಂದ ಶಕ್ತಿ ಪಡೆಯಲು ಬಾರದ್ದರಿಂದ ಕಾಲೊನಿ ಚಿಕ್ಕದಾಗಿಯೇ ಉಳಿಯುತ್ತದೆ. ಈ ಕೋಶಗಳಲ್ಲಿ ಪಿಡಿಆರ್3 ಎನ್ನುವ ನಿಯಂತ್ರಕ ಪ್ರೋಟೀನ್ ಎಚ್ಚರಗೊಂಡು ಪಿಡಿಆರ್5 ಜೀನನ್ನು ಜೋರಾಗಿ ಓಡಿಸುತ್ತದೆ. ಪಂಪುಗಳು ಹೆಚ್ಚುತ್ತವೆ, ಔಷಧ ನಾಟುವುದಿಲ್ಲ. ಅದರಲ್ಲೂ ಬಿವೈ4741 ಬಳಗದ ತಳಿಗಳಲ್ಲಿ ಪೆಟೀಟ್ ಹುಟ್ಟುವುದು ಜಾಸ್ತಿ.

ಪರೀಕ್ಷೆ ಸುಲಭ. ಗ್ಲಿಸರಾಲ್ ಮಾತ್ರ ಇರುವ ಪ್ಲೇಟಿನಲ್ಲಿ ಬೆಳೆಯಬೇಕಾದರೆ ಮೈಟೋಕಾಂಡ್ರಿಯ ಸರಿ ಇರಲೇಬೇಕು. ಆ ಚಿಕ್ಕ ಕಾಲೊನಿಗಳನ್ನು ಹಲ್ಲುಕಡ್ಡಿಯಿಂದ ಎತ್ತಿ, ಗ್ಲೂಕೋಸ್ ಪ್ಲೇಟಿಗೂ ಗ್ಲಿಸರಾಲ್ ಪ್ಲೇಟಿಗೂ ಮುಟ್ಟಿಸಿದೆವು. ಗ್ಲೂಕೋಸ್‌ನಲ್ಲಿ ಎಲ್ಲವೂ ಬಂದವು. ಗ್ಲಿಸರಾಲ್‌ನಲ್ಲಿ ಹೆಚ್ಚಿನವು ಬರಲೇ ಇಲ್ಲ. ಪಿಡಿಆರ್5 ಇಲ್ಲದ ತಳಿಯ ವೃತ್ತದೊಳಗೆ ಇಂಥ ಕಾಲೊನಿ ಕಾಣಲಿಲ್ಲ. ಇಲ್ಲದ ಪಂಪನ್ನು ಪಿಡಿಆರ್3 ಜೋರಾಗಿ ಓಡಿಸುವುದಾದರೂ ಹೇಗೆ, ಅಲ್ವಾ? ಇಡೀ ಪ್ರಾಜೆಕ್ಟ್‌ನಲ್ಲಿ ನನಗೆ ಅತಿ ಇಷ್ಟವಾದ ಫಲಿತಾಂಶ ಇದು.

ಇದು ಬರೀ ಬ್ರೆಡ್ ಯೀಸ್ಟಿನ ವಿಚಾರ ಅಲ್ಲ. ಮನುಷ್ಯರಿಗೆ ಸೋಂಕು ತರುವ ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಯೀಸ್ಟಿನಲ್ಲೂ ಮೈಟೋಕಾಂಡ್ರಿಯ ಕೆಟ್ಟ ಕೋಶಗಳು ತಮ್ಮ ಪಂಪು ಹೆಚ್ಚಿಸಿಕೊಂಡು ಫ್ಲುಕೋನಜೋಲ್‌ಗೆ ಜಗ್ಗದೆ ನಿಲ್ಲುತ್ತವೆ. ಸೋಂಕು ತರುವ ಇನ್ನೊಂದು ಯೀಸ್ಟ್ ಕ್ಯಾಂಡಿಡಾ ಆಲ್ಬಿಕನ್ಸ್‌ನ ಮುಖ್ಯ ಪಂಪು ಸಿಡಿಆರ್1. ಅದರ ಜೀನ್ ಸಿಕ್ಕಿದ ಕಥೆ ಓದಿದಾಗ ನಮ್ಮ ಫ್ರಿಜ್‌ನಲ್ಲಿರುವ ತಳಿಯ ಮೇಲೆ ಗೌರವ ಹೆಚ್ಚಾಯಿತು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ರಾಜೇಂದ್ರ ಪ್ರಸಾದ್ ಮತ್ತು ಬೆಲ್ಜಿಯಂನ ಆಂದ್ರೆ ಗೊಫೊ ಅವರ ತಂಡ 1995ರಲ್ಲಿ ಇದನ್ನು ಪ್ರಕಟಿಸಿತು. ಅವರು ಮಾಡಿದ್ದು ಹೀಗೆ: ಪಿಡಿಆರ್5 ಕಳೆದುಕೊಂಡು ಸೈಕ್ಲೋಹೆಕ್ಸಿಮೈಡ್ ಎಂಬ ವಿಷಕ್ಕೆ ಸುಲಭವಾಗಿ ಸಾಯುವ ಬ್ರೆಡ್ ಯೀಸ್ಟಿನೊಳಗೆ ಕ್ಯಾಂಡಿಡಾದ ಡಿಎನ್‌ಎ ತುಣುಕುಗಳನ್ನು ಸೇರಿಸಿದರು. ಯಾವ ಕೋಶ ವಿಷದಲ್ಲಿ ಬದುಕಿತೋ ಅದರೊಳಗೆ ಕ್ಯಾಂಡಿಡಾದ ಪಂಪು ಇತ್ತು. ಒಂದು ಕೊರತೆಯನ್ನೇ ಬಲೆ ಮಾಡಿಕೊಂಡು ಜೀನ್ ಹಿಡಿದರು. ಆಸ್ಪತ್ರೆಯಲ್ಲಿ ಔಷಧ ಕೆಲಸ ಮಾಡದೆ ಹೋಗುವುದೇಕೆ ಅನ್ನುವುದು ಅರ್ಥವಾಗಲು ಇಂಥ ಬಡಪಾಯಿ ತಳಿಗಳು ಎಷ್ಟು ದುಡಿದಿವೆ!

ಮುಂದಿನ ಕೆಲಸ

ಪಂಪನ್ನು ಔಷಧದಿಂದಲೇ ನಿಲ್ಲಿಸಿ ನೋಡಬೇಕು. ಎಫ್‌ಕೆ506 ಅನ್ನುವುದು ಪಿಡಿಆರ್5ಗೆ ಹೆಸರಾದ ತಡೆ. ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಕೊಡುವ ಔಷಧ ಅದು, ನಮ್ಮ ಕೈಗೆ ಎಟುಕುವಂಥದ್ದಲ್ಲ. ಅರಿಶಿನದ ಕುರ್ಕುಮಿನ್ ಎಟುಕುತ್ತದೆ. ರಾಜೇಂದ್ರ ಪ್ರಸಾದ್ ಅವರ ತಂಡವೇ 2009ರಲ್ಲಿ, ಯೀಸ್ಟಿನಲ್ಲಿ ಕೂರಿಸಿದ ಸಿಡಿಆರ್1, ಪಿಡಿಆರ್5ಗಳು ರೋಡಮೈನ್ 6ಜಿ ಹೊರಹಾಕುವುದನ್ನು ಕುರ್ಕುಮಿನ್ ತಗ್ಗಿಸುತ್ತದೆ ಅಂತ ತೋರಿಸಿದೆ. ಅಡುಗೆಮನೆಯ ಅರಿಶಿನ ಪುಡಿ ಸಾಲದು, ಶುದ್ಧ ಕುರ್ಕುಮಿನ್ ಬೇಕು. ಅದು ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಬರೀ ಡಿಎಂಎಸ್‌ಒ ಹಾಕಿದ ಟ್ಯೂಬನ್ನೂ ಪಕ್ಕದಲ್ಲಿ ಇಡಬೇಕು. ಕುರ್ಕುಮಿನ್‌ನ ಹಳದಿ ಬೆಳಕು ಹೀರುವುದು 425ರ ಸುತ್ತ, ನಮ್ಮ 520ರ ಫಿಲ್ಟರ್‌ಗೆ ಅಷ್ಟಾಗಿ ಅಡ್ಡ ಬರಬಾರದು. ಆದರೂ ಬಣ್ಣ ಹಾಕದೆ ಬರೀ ಕುರ್ಕುಮಿನ್ ಇರುವ ಟ್ಯೂಬನ್ನು ಮೊದಲು ಓದಿ, ಅದು ಎಷ್ಟು ತೋರಿಸುತ್ತದೆ ಅಂತ ಬರೆದಿಟ್ಟುಕೊಂಡೇ ಶುರು ಮಾಡುತ್ತೇವೆ. ಪಿಡಿಆರ್5 ಇಲ್ಲದ ತಳಿ ಈ ಸಲವೂ ಪಕ್ಕದಲ್ಲಿರುತ್ತದೆ.