ಒಂಟಿ ತಂತಿಯ ಹಲಗೆ: ಫೇಸ್ ಕಿವಿಗೆ ಬೀಳುವುದು ಯಾವಾಗ?

ಫೇಸ್, ಅಂದರೆ ಒಂದು ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದು, ಕಿವಿಗೆ ತಿಳಿಯುತ್ತದೆಯೇ ಎಂದು ನೋಡಲು ಹಲಗೆಗೆ ತಂತಿ ಬಿಗಿದು ಮೂರು ವಾರವಾಯಿತು. ತಂತಿಯನ್ನು ಎತ್ತಿ ಹಿಡಿಯುವ ಎರಡು ಕುದುರೆಗಳ ನಡುವೆ 65 ಸೆಂ.ಮೀ., ಶ್ರುತಿ 110 ಹರ್ಟ್ಸ್.

ಮೊದಲು ಮೀಟುವ ಜಾಗ ಬದಲಿಸಿ ನೋಡಿದೆ. ನಟ್ಟನಡುವೆ ಮೀಟಿದರೆ ನಾದ ಟೊಳ್ಳು. ಮೂಲಸ್ವರದ ಎರಡು, ನಾಲ್ಕು, ಆರು ಪಟ್ಟು ವೇಗದಲ್ಲಿ ಕಂಪಿಸುವ 2, 4, 6ನೇ ಹಾರ್ಮೋನಿಕ್‌ಗಳಿಗೆ ಅಲ್ಲಿ ಅಲುಗಾಟವೇ ಇಲ್ಲ, ಹಾಗಾಗಿ ಅವು ಏಳುವುದೇ ಇಲ್ಲ. ಹಾಗಾದರೆ ಕುದುರೆಯಿಂದ ತಂತಿಯ ಐದನೇ ಒಂದು ಭಾಗ ದೂರದಲ್ಲಿ, ಅಂದರೆ 13 ಸೆಂ.ಮೀ.ನಲ್ಲಿ ಮೀಟಿದಾಗ ಐದನೆಯದು ಕಾಣೆಯಾಗಬೇಕು. ಮೀಟಿದ ಕೂಡಲೇ ಅದೇ ಬಿಂದುವಿಗೆ ಬೆರಳ ತುದಿ ಹಗುರವಾಗಿ ತಾಕಿಸಿದೆ. ತಂತಿ ಹೆಚ್ಚುಕಡಿಮೆ ಮೌನ! ಉಳಿದವನ್ನು ಬೆರಳು ತಡೆಯಿತು, ಐದನೆಯದು ಹುಟ್ಟಿರಲೇ ಇಲ್ಲ. ಕುದುರೆಯಿಂದ 5 ಸೆಂ.ಮೀ. ದೂರದಲ್ಲಿ ಮೀಟಿ, ಅದೇ 13ರಲ್ಲಿ ತಾಕಿಸಿದರೆ ಮಾತ್ರ 550 ಹರ್ಟ್ಸ್‌ನ ತೆಳ್ಳನೆಯ ದನಿ ಉಳಿದು ಹರಿಯಿತು. ಇದನ್ನು ಎಷ್ಟು ಸಲ ಮಾಡಿದರೂ ಬೇಸರವಾಗಲಿಲ್ಲ.

ಫೇಸ್ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಕಂಪ್ಯೂಟರಿನಲ್ಲಿ 20 ಹಾರ್ಮೋನಿಕ್ ಸೇರಿಸಿ ಎರಡು ಸ್ವರ ಮಾಡಿದೆ. ಎರಡರಲ್ಲೂ ಬಲಗಳು ಒಂದೇ. ಒಂದರಲ್ಲಿ ಎಲ್ಲವೂ ಒಟ್ಟಿಗೆ ಶಿಖರ ಮುಟ್ಟುತ್ತವೆ, ಇನ್ನೊಂದರಲ್ಲಿ ಫೇಸ್ ಅಡ್ಡಾದಿಡ್ಡಿ. ಪರದೆಯ ಮೇಲೆ ಒಂದು ಮುಳ್ಳಿನ ಸಾಲು, ಇನ್ನೊಂದು ಅಸ್ತವ್ಯಸ್ತ ಅಲೆ. 440 ಹರ್ಟ್ಸ್‌ನಲ್ಲಿ ನನಗೆ ಎರಡನ್ನೂ ಬೇರ್ಪಡಿಸಿ ಹೇಳಲಾಗಲಿಲ್ಲ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ಹೇಳಿದ್ದು ಇದನ್ನೇ: ನಾದದ ಗುಣ ಹಾರ್ಮೋನಿಕ್‌ಗಳ ಬಲದಲ್ಲಿದೆ, ಫೇಸ್‌ನಲ್ಲಿಲ್ಲ. ಆದರೆ 55ಕ್ಕೆ ಇಳಿಸಿ ಹೆಡ್‌ಫೋನ್ ಹಾಕಿದಾಗ ಮುಳ್ಳಿನ ಸ್ವರ ಗೊರಗೊರ ಎಂದಿತು, ಇನ್ನೊಂದು ಮೆತ್ತಗಿತ್ತು. ಮಂದ್ರದಲ್ಲಿ ಅಕ್ಕಪಕ್ಕದ ಮೇಲಿನ ಹಾರ್ಮೋನಿಕ್‌ಗಳನ್ನು ಒಳಗಿವಿ ಬಿಡಿಸಲಾರದು. ಅವು ಅಲ್ಲೇ ಬೆರೆತುಬಿಡುತ್ತವೆ, ಆಗ ಫೇಸ್‌ಗೆ ಬೆಲೆ ಬರುತ್ತದೆ.

ಬೆರೆಯುವುದೇ ಮುಖ್ಯವೆನಿಸಿ ಎರಡನೇ ತಂತಿ ಕಟ್ಟಿ 110.5 ಹರ್ಟ್ಸ್‌ಗೆ ಇಟ್ಟೆ. ಮೂಲಸ್ವರ ಎರಡು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ, ಐದನೇ ಹಾರ್ಮೋನಿಕ್ ಸೆಕೆಂಡಿಗೆ ಎರಡೂವರೆ ಸಲ. ಪ್ರತಿಯೊಂದಕ್ಕೂ ಅದರದೇ ಲಯ, ಆದ್ದರಿಂದ ನಾದದ ಬಣ್ಣ ಒಂದು ಕ್ಷಣವೂ ನಿಲ್ಲುವುದಿಲ್ಲ.

ನಿನ್ನೆ ಎರಡನ್ನೂ ಕಿವಿಗೆ ತಿಳಿಯುವಷ್ಟು ಒಂದೇ ಶ್ರುತಿಗೆ ತಂದು, ಒಂದನ್ನು ಮೇಲಕ್ಕೂ ಒಂದನ್ನು ಕೆಳಕ್ಕೂ ಎಳೆದು ಒಟ್ಟಿಗೆ ಬಿಟ್ಟೆ. ಕುದುರೆಯ ಮೇಲೆ ಎರಡರ ಒತ್ತಡ ಪರಸ್ಪರ ಕಳೆದುಹೋಗುತ್ತದೆ. ಸದ್ದು ಸಣ್ಣದಾಗಿಯೇ ಹುಟ್ಟಿತು, ಆದರೆ ಹಲಗೆಗೆ ಶಕ್ತಿ ಸೋರದ ಕಾರಣ ಬಹಳ ಹೊತ್ತು ಆರಲಿಲ್ಲ. ಎರಡನ್ನೂ ಒಂದೇ ಕಡೆಗೆ ಎಳೆದು ಬಿಟ್ಟಾಗ ಜೋರಾಗಿ ಮೊಳಗಿ ಬೇಗ ನಂದಿತು. ಎರಡೂ ಸಲ ಅದೇ ತಂತಿ, ಅದೇ ಎಳೆತ. ಬದಲಾದದ್ದು ಫೇಸ್ ಒಂದೇ.

ಮುಂದಿನ ವಾರ ಇವೆರಡನ್ನೂ ರೆಕಾರ್ಡ್ ಮಾಡಿ ಆರುವ ಹೊತ್ತನ್ನು ಅಳೆಯಬೇಕು.